ಒಗಟುಗಳ ಬಗೆಗಿನ ಒಗಟುಗಳು: ಬೊಂಗಾರ್ಡ್ ಮೇಲುಸಮಸ್ಯೆಗಳ ವಿಂಗಡಣೆಗೆ ಒಂದು ಕ್ರಮ

ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬೊಂಗಾರ್ಡ್ (1924–1971) ಮೊದಲು ಬಣ್ಣದ ದೃಷ್ಟಿಯ ಮೇಲೆ ಕೆಲಸ ಮಾಡಿದವರು, ಆಮೇಲೆ ಗುರುತಿಸುವ ವಿದ್ಯೆಯನ್ನು ಯಂತ್ರಗಳಿಗೆ ಕಲಿಸುವತ್ತ ಹೊರಳಿದವರು. ಪಾಮಿರ್ ಪರ್ವತಗಳಲ್ಲಿ ನಡೆದ ಅಪಘಾತದಲ್ಲಿ ಅವರು ತೀರಿಕೊಳ್ಳುವುದಕ್ಕೆ ನಾಲ್ಕು ವರ್ಷ ಮೊದಲು, 1967ರಲ್ಲಿ, ಆಕಾರಗಳ ಗುರುತಿಸುವಿಕೆಯ ಬಗ್ಗೆ ಅವರ ಗ್ರಂಥ ಮಾಸ್ಕೋದಲ್ಲಿ ಹೊರಬಂತು. ಅದರ ಅನುಬಂಧದಲ್ಲಿ ನೂರು ಚಿತ್ರ-ಒಗಟುಗಳಿವೆ. ಪ್ರತಿಯೊಂದರಲ್ಲೂ ಹನ್ನೆರಡು ಚೌಕಗಳು: ಆರು ಎಡಕ್ಕೆ, ಆರು ಬಲಕ್ಕೆ. ಎಡಗಡೆಯ ಆರೂ ಚಿತ್ರಗಳನ್ನು ಬಲಗಡೆಯ ಆರರಿಂದ ಬೇರ್ಪಡಿಸುವ ನಿಯಮ ಯಾವುದೆಂದು ನೋಡುವವನು ಹೇಳಬೇಕು. ಪ್ರಶ್ನೆ ಮಾತಿನಲ್ಲಿ ಇರುವುದಿಲ್ಲ, ಸುಳಿವೂ ಇರುವುದಿಲ್ಲ. 1ನೇ ಸಮಸ್ಯೆಯಲ್ಲಿ ಎಡಗಡೆಯ ಚೌಕಗಳು ಖಾಲಿ, ಬಲಗಡೆಯವು ಖಾಲಿಯಲ್ಲ. 6ರಲ್ಲಿ ಎಡಕ್ಕೆ ತ್ರಿಕೋನ, ಬಲಕ್ಕೆ ಚತುರ್ಭುಜ. 100ನೆಯದಕ್ಕೆ ಬರುವ ಹೊತ್ತಿಗೆ ಎಡಗಡೆ ರಷ್ಯನ್ ವರ್ಣಮಾಲೆಯ ಮೊದಲ ಅಕ್ಷರ ನಾನಾ ರೂಪಗಳಲ್ಲಿ, ಬಲಗಡೆ ಎರಡನೆಯ ಅಕ್ಷರ ನಾನಾ ರೂಪಗಳಲ್ಲಿ.

1970ರಲ್ಲಿ ಗ್ರಂಥ ಇಂಗ್ಲಿಷಿಗೆ ಬಂತು. ಆದರೆ ಒಗಟುಗಳನ್ನು ಲೋಕಕ್ಕೆ ಪರಿಚಯಿಸಿದ್ದು 1979ರಲ್ಲಿ ಪ್ರಕಟವಾದ ಡಗ್ಲಸ್ ಹಾಫ್‌ಸ್ಟಾಡ್ಟರ್ ಅವರ ‘ಗ್ಯೋಡೆಲ್, ಎಶರ್, ಬಾಖ್’. ಹಾಫ್‌ಸ್ಟಾಡ್ಟರ್ ತಾವೂ ಐವತ್ತಕ್ಕಿಂತ ಹೆಚ್ಚು ಹೊಸ ಸಮಸ್ಯೆಗಳನ್ನು ರಚಿಸಿದರು. ಅವರ ಶಿಷ್ಯ ಹ್ಯಾರಿ ಫೌಂಡಾಲಿಸ್ 2006ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧ, ಇಂಥ ಸಮಸ್ಯೆಗಳನ್ನು ಬಿಡಿಸಲು ಯತ್ನಿಸುವ ‘ಫೇಯಾಕೋ’ ಎಂಬ ಪ್ರೋಗ್ರಾಮಿನ ಕುರಿತದ್ದು. ಒಗಟುಗಳ ದೊಡ್ಡ ಸಂಗ್ರಹವೊಂದನ್ನೂ ಅವರು ಕಟ್ಟಿದರು. ಆಸಕ್ತರು ಸೇರಿಸುತ್ತ ಹೋಗಿ ಈಗ ಬೊಂಗಾರ್ಡ್ ಮಾದರಿಯ ಸಮಸ್ಯೆಗಳು ಸಾವಿರವನ್ನು ದಾಟಿವೆ. ಅಷ್ಟಾದ ಮೇಲೆ ಒಂದು ಬೆಳವಣಿಗೆ ತಪ್ಪುವಂತಿರಲಿಲ್ಲ: ಚೌಕದೊಳಗೆ ತ್ರಿಕೋನವನ್ನೋ ಸುರುಳಿಯನ್ನೋ ಬರೆಯುವ ಬದಲು ಒಂದು ಇಡೀ ಬೊಂಗಾರ್ಡ್ ಸಮಸ್ಯೆಯನ್ನೇ ಚಿಕ್ಕದಾಗಿ ಬರೆದಿಡುವುದು. ಅಂಥ ಹನ್ನೆರಡು ಪುಟ್ಟ ಸಮಸ್ಯೆಗಳನ್ನು ಎಡಬಲ ಹಂಚಿದರೆ ಸಮಸ್ಯೆಗಳ ಬಗೆಗೇ ಒಂದು ಸಮಸ್ಯೆ ಸಿದ್ಧವಾಗುತ್ತದೆ. ಈ ಟಿಪ್ಪಣಿಯಲ್ಲಿ ಅದನ್ನು ಮೇಲುಸಮಸ್ಯೆ ಎಂದೂ ಅದರ ಚೌಕಗಳೊಳಗಿನ ಪುಟ್ಟ ಸಮಸ್ಯೆಗಳನ್ನು ಒಳಸಮಸ್ಯೆಗಳು ಎಂದೂ ಕರೆದಿದ್ದೇನೆ.

ಇವನ್ನೆಲ್ಲ ಒಂದೇ ಹೆಸರಿನ ಕೆಳಗೆ ರಾಶಿ ಹಾಕುವುದು ಸುಲಭ. ಒಳಗೆ ಸಮಸ್ಯೆಗಳಿವೆ, ಹಾಗಾಗಿ ಇದು ಮೇಲುಸಮಸ್ಯೆ, ಅಲ್ಲಿಗೆ ಮುಗಿಯಿತು. ನನ್ನ ವಾದವೆಂದರೆ ಈ ಹೆಸರಿನಡಿ ಒಂದಕ್ಕೊಂದು ಸಂಬಂಧವಿಲ್ಲದ ಬಗೆಗಳು ಸೇರಿಕೊಂಡಿವೆ. ಅವುಗಳಲ್ಲಿ ಅತ್ಯಂತ ಚತುರವೆಂದು ಮೆಚ್ಚುಗೆ ಪಡೆಯುವ ಬಗೆ ದೃಶ್ಯ-ಒಗಟೇ ಅಲ್ಲ. ಯಾವ ಮೇಲುಸಮಸ್ಯೆ ಯಾವ ಬಗೆಯದೆಂದು ತಿಳಿಯಲು ಅದರ ಉತ್ತರದ ವಾಕ್ಯವನ್ನು ಓದಿದರೆ ಸಾಲದು, ಒಳಸಮಸ್ಯೆಗಳನ್ನು ಬದಲಿಸಿ ನೋಡಬೇಕು.

ತ್ರಿಕೋನದ ತೊಡಕು

ಒಂದು ಮೇಲುಸಮಸ್ಯೆಯನ್ನು ಕಲ್ಪಿಸಿಕೊಳ್ಳೋಣ. ಅದರ ಎಡಗಡೆಯ ಆರು ಒಳಸಮಸ್ಯೆಗಳ ಉತ್ತರಗಳೆಲ್ಲ ತ್ರಿಕೋನಕ್ಕೆ ಸಂಬಂಧಿಸಿವೆ: ತ್ರಿಕೋನ ಮತ್ತು ಚತುರ್ಭುಜ, ಒಂದು ತ್ರಿಕೋನ ಮತ್ತು ಎರಡು, ನೆಟ್ಟಗಿನ ತ್ರಿಕೋನ ಮತ್ತು ತಲೆಕೆಳಗಾದದ್ದು, ಹೀಗೆ. ಬಲಗಡೆಯವು ವೃತ್ತಕ್ಕೆ ಸಂಬಂಧಿಸಿದವು. ಬಿಡಿಸುವವನು ‘ಎಡಗಡೆಯ ಉತ್ತರಗಳು ತ್ರಿಕೋನದ ಬಗ್ಗೆ, ಬಲಗಡೆಯವು ವೃತ್ತದ ಬಗ್ಗೆ’ ಎಂದು ಹೇಳುತ್ತಾನೆ. ಅವನ ಪಕ್ಕದಲ್ಲಿ ಕೂತ ಇನ್ನೊಬ್ಬ ಒಂದು ಒಳಸಮಸ್ಯೆಯನ್ನೂ ಬಿಡಿಸುವ ಗೋಜಿಗೆ ಹೋಗದೆ ‘ಎಡಕ್ಕೆ ತ್ರಿಕೋನಗಳು ಕಾಣುತ್ತವೆ, ಬಲಕ್ಕೆ ವೃತ್ತಗಳು’ ಎನ್ನುತ್ತಾನೆ. ಇಬ್ಬರ ಮಾತೂ ಹನ್ನೆರಡೂ ಚೌಕಗಳಿಗೆ ಸರಿಹೊಂದುತ್ತದೆ. ಮೊದಲನೆಯವನು ಹನ್ನೆರಡು ಸಮಸ್ಯೆ ಬಿಡಿಸಿದ್ದಾನೆ, ಎರಡನೆಯವನು ಒಂದನ್ನೂ ಬಿಡಿಸಿಲ್ಲ.

ಇದು ರಚನೆಯ ದೋಷ, ಇದಕ್ಕೆ ಪರಿಹಾರವೂ ಗೊತ್ತಿದೆ. ಚಿತ್ರಗಳೆಲ್ಲ ತ್ರಿಕೋನಗಳೇ ಆಗಿದ್ದು ಉತ್ತರ ಮಾತ್ರ ಬೇರೆ ಏನೋ ಆಗಿರುವ ಒಳಸಮಸ್ಯೆಯೊಂದನ್ನು ತಯಾರಿಸಬೇಕು. ಬೊಂಗಾರ್ಡರ 2ನೇ ಸಮಸ್ಯೆಯ ಉತ್ತರ ದೊಡ್ಡದು ಮತ್ತು ಚಿಕ್ಕದು. ಅದನ್ನು ಬರೀ ತ್ರಿಕೋನಗಳಲ್ಲಿ ಬರೆಯಬಹುದು. ಅದು ಎಡಕ್ಕೂ ಸಲ್ಲದೆ ಬಲಕ್ಕೂ ಸಲ್ಲದೆ ಉಳಿದರೆ ಮೇಲುಸಮಸ್ಯೆಯ ಕಣ್ಣಿರುವುದು ಉತ್ತರದ ಮೇಲೆ. ಎಡಕ್ಕೆ ಹೋದರೆ ಚಿತ್ರದ ಮೇಲೆ. ಆದರೆ ಹನ್ನೆರಡು ಚೌಕಗಳಷ್ಟೇ ಕೈಯಲ್ಲಿರುವವನಿಗೆ ಈ ಪರೀಕ್ಷೆ ಮಾಡುವ ಅವಕಾಶವಿಲ್ಲ. ಹಾಗಾಗಿ ಒಳ್ಳೆಯ ರಚನಕಾರ ಅಂಥ ಚೌಕವನ್ನು ತಾನೇ ಮೊದಲು ಸೇರಿಸಿರುತ್ತಾನೆ: ವೃತ್ತದ ಕುರಿತ ಉತ್ತರವಿದ್ದೂ ತ್ರಿಕೋನಗಳು ತುಂಬಿರುವ ಒಂದು ಒಳಸಮಸ್ಯೆ ಬಲಗಡೆ ಇದ್ದರೆ ಎರಡನೆಯವನ ಸೋಮಾರಿ ಉತ್ತರ ಅಲ್ಲೇ ಬಿದ್ದುಹೋಗುತ್ತದೆ. ನಾನು ಕಂಡ ಮೇಲುಸಮಸ್ಯೆಗಳಲ್ಲಿ ಈ ಎಚ್ಚರ ಅಪರೂಪ.

ನಾಲ್ಕು ಪರೀಕ್ಷೆಗಳು

ಈ ತೊಡಕಿನಿಂದಲೇ ವಿಂಗಡಣೆಯ ಕ್ರಮವೂ ಹುಟ್ಟುತ್ತದೆ. ಮೇಲುಸಮಸ್ಯೆಯ ಒಂದು ಒಳಸಮಸ್ಯೆಯನ್ನು ಹೊರತೆಗೆದು, ಅದಕ್ಕೊಂದು ಗೊತ್ತಾದ ಬದಲಾವಣೆ ಮಾಡಿ, ಅದು ತನ್ನ ಪಕ್ಕದಲ್ಲೇ ಉಳಿಯುತ್ತದೆಯೇ ಎಂದು ನೋಡುವುದು. ಬದಲಾವಣೆ ನಾಲ್ಕು ಬಗೆ.

ಮೊದಲನೆಯದು ಮರುಚಿತ್ರಣ: ಉತ್ತರ ಅದೇ, ಚಿತ್ರಗಳು ಬೇರೆ. ಬೊಂಗಾರ್ಡರ ಅನುಬಂಧವೇ ಇದಕ್ಕೆ ಸಾಮಗ್ರಿ ಒದಗಿಸುತ್ತದೆ. 6, 10 ಮತ್ತು 98ನೇ ಸಮಸ್ಯೆಗಳ ಉತ್ತರ ಒಂದೇ, ತ್ರಿಕೋನ ಮತ್ತು ಚತುರ್ಭುಜ. 6ರಲ್ಲಿ ಆಕಾರಗಳು ಸ್ಪಷ್ಟ, 10ರಲ್ಲಿ ಅಂಚುಗಳು ಕೆಟ್ಟಿವೆ, 98ರಲ್ಲಿ ಆಕೃತಿಯನ್ನು ಹಿನ್ನೆಲೆಯ ಗೆರೆಗಳಿಂದ ಬಿಡಿಸಿಕೊಂಡು ನೋಡಬೇಕು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ಪಕ್ಕ ಬದಲಾಗದಿದ್ದರೆ ಮೇಲುಸಮಸ್ಯೆಗೆ ಚಿತ್ರಗಳು ಮುಖ್ಯವಲ್ಲ. ಎರಡನೆಯದು ನಡುಗೆರೆ ಅಳಿಸುವುದು: ಒಳಸಮಸ್ಯೆಯ ಎಡಬಲಗಳ ಭೇದ ತೆಗೆದು ಹನ್ನೆರಡು ಚಿತ್ರಗಳನ್ನೂ ಒಂದೇ ರಾಶಿ ಮಾಡುವುದು. ಆಗಲೂ ಅದು ತನ್ನ ಪಕ್ಕದಲ್ಲೇ ಉಳಿದರೆ ಮೇಲುಸಮಸ್ಯೆ ನೋಡುತ್ತಿರುವುದು ಚಿತ್ರಗಳನ್ನೇ, ಉತ್ತರವನ್ನಲ್ಲ. ಏಕೆಂದರೆ ನಡುಗೆರೆ ಹೋದ ಮೇಲೆ ಉತ್ತರವೆಂಬುದೇ ಇಲ್ಲ. ಮೂರನೆಯದು ಅದಲುಬದಲು, ಒಳಸಮಸ್ಯೆಯ ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ತರುವುದು. ನಾಲ್ಕನೆಯದರಲ್ಲಿ ಒಳಸಮಸ್ಯೆಯನ್ನು ಮುಟ್ಟುವುದೇ ಇಲ್ಲ, ಬಿಡಿಸುವವರನ್ನು ಬದಲಿಸುತ್ತೇವೆ.

ಮೊದಲ ಎರಡು ಪರೀಕ್ಷೆಗಳ ಫಲವನ್ನು ಸೇರಿಸಿ ನೋಡಿದರೆ ಮುಖ್ಯ ಬಗೆಗಳು ತಾವಾಗಿ ಬೇರೆಯಾಗುತ್ತವೆ. ನಡುಗೆರೆ ಅಳಿಸಿದರೂ ನಿಂತು ಮರುಚಿತ್ರಣದಲ್ಲಿ ಬೀಳುವುದು ಚಿತ್ರದ ಬಗೆ. ‘ಎಡಗಡೆಯ ಒಳಸಮಸ್ಯೆಗಳಲ್ಲಿ ಎಲ್ಲವೂ ಬಾಹ್ಯರೇಖೆಗಳು, ಬಲಗಡೆಯವುಗಳಲ್ಲಿ ಎಲ್ಲವೂ ಕಪ್ಪು ತುಂಬಿದವು’ ಎಂಬಂಥವು ಇಲ್ಲಿ ಬರುತ್ತವೆ. ಇವು ಹೆಸರಿಗೆ ಮಾತ್ರ ಮೇಲುಸಮಸ್ಯೆಗಳು, ಸಾಧಾರಣ ಬೊಂಗಾರ್ಡ್ ಸಮಸ್ಯೆಗಳು ಚೌಕದೊಳಗೆ ಚೌಕದ ವೇಷ ಹಾಕಿಕೊಂಡಿವೆ ಅಷ್ಟೆ. ಇವುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಮರುಚಿತ್ರಣದಲ್ಲಿ ನಿಂತು ನಡುಗೆರೆ ಅಳಿಸಿದಾಗ ಬೀಳುವುದು ಉತ್ತರದ ಬಗೆ. ಎರಡರಲ್ಲೂ ಬೀಳುವುದು ಚಿತ್ರಕ್ಕೂ ಉತ್ತರಕ್ಕೂ ನಡುವಿನ ಹೊಂದಿಕೆಯ ಬಗೆ. ಎರಡರಲ್ಲೂ ನಿಲ್ಲುವುದು ಮೇಲೆ ಹೇಳಿದ ತ್ರಿಕೋನದ ತೊಡಕಿನ ಬಗೆ: ಉತ್ತರವೇ ಚಿತ್ರದಲ್ಲಿ ಏನಿರಬೇಕೆಂದು ಕಟ್ಟುಮಾಡಿರುವುದರಿಂದ ಎರಡನ್ನೂ ಬಿಡಿಸಿ ನೋಡಲಾಗದು. ಅದನ್ನು ಸ್ವತಂತ್ರ ವರ್ಗವೆಂದು ಎಣಿಸದೆ, ನಿರ್ಣಯವಾಗದ್ದು ಎಂದು ಗುರುತು ಹಾಕಿ ರಚನಕಾರನಿಗೆ ಹಿಂದಿರುಗಿಸುವುದು ನ್ಯಾಯ.

ಉತ್ತರಗಳ ಬಗೆಗಿನವು

ಮೇಲುಸಮಸ್ಯೆ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಉತ್ತರದ ಬಗೆ. ಎಡಗಡೆ ಎಣಿಕೆಯ ಸಮಸ್ಯೆಗಳು, ಬಲಗಡೆ ಸ್ಥಾನದ ಸಮಸ್ಯೆಗಳು ಎಂಬಂಥ ವಿಷಯಭೇದ ಇದರಲ್ಲಿ ಅತಿ ಸರಳ. ಅದಕ್ಕಿಂತ ಗಟ್ಟಿಯಾದದ್ದು ಉತ್ತರದ ತಾರ್ಕಿಕ ರೂಪವನ್ನು ಹಿಡಿಯುವ ಮೇಲುಸಮಸ್ಯೆ. 1ನೇ ಸಮಸ್ಯೆಯಲ್ಲಿ ಬಲಗಡೆಗೆ ತನ್ನದೇ ಆದ ಗುಣವಿಲ್ಲ. ಎಡಗಡೆಯದಲ್ಲದ್ದು ಎಂಬುದೇ ಅದರ ಗುಣ. 6ರಲ್ಲಿ ಹಾಗಲ್ಲ, ಎರಡು ಪಕ್ಕಕ್ಕೂ ಸ್ವಂತ ಲಕ್ಷಣವಿದೆ. 2ರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ನಡುವೆ ಒಂದು ಏರಿಳಿತದ ದಾರಿಯಿದೆ. ಈ ಮೂರು ರೂಪಗಳನ್ನು ವಾಕ್ಯ ನೋಡಿ ಗುರುತಿಸಲು ಹೋದರೆ ಎಡವುತ್ತೇವೆ, ಯಾಕೆಂದರೆ ಯಾವ ಉತ್ತರವನ್ನೂ ‘ಅಲ್ಲ’ ಸೇರಿಸಿ ಹೇಳಬಹುದು, ಸೇರಿಸದೆಯೂ ಹೇಳಬಹುದು. 4ನೇ ಸಮಸ್ಯೆಯ ಉತ್ತರವನ್ನು ‘ಉಬ್ಬಿದ್ದು ಮತ್ತು ತಗ್ಗಿರುವುದು’ ಎಂದರೂ ಸರಿ, ‘ಎಲ್ಲೂ ಒಳಕ್ಕೆ ತಗ್ಗದ್ದು ಮತ್ತು ಎಲ್ಲೋ ತಗ್ಗಿದ್ದು’ ಎಂದರೂ ಸರಿ. ಪರೀಕ್ಷೆ ಬೇರೆಯೇ ಆಗಬೇಕು. ಎಲ್ಲಿಂದಲೋ ಒಂದು ಅಪರಿಚಿತ ಚಿತ್ರ ತಂದು, ಒಂದು ಮೀನಿನ ಆಕೃತಿಯೆಂದಿಟ್ಟುಕೊಳ್ಳಿ, ಇದು ಯಾವ ಪಕ್ಕಕ್ಕೆ ಎಂದು ಕೇಳಬೇಕು. 1ರಲ್ಲಿ ಮೀನು ತಪ್ಪದೆ ಬಲಕ್ಕೆ ಹೋಗುತ್ತದೆ. 4ರಲ್ಲೂ ಬಲಕ್ಕೇ, ಬಾಲದ ಬಳಿ ತಗ್ಗಿರುವುದರಿಂದ. 6ರಲ್ಲಿ ಅದಕ್ಕೆ ಜಾಗವಿಲ್ಲ. ಬಂದದ್ದನ್ನೆಲ್ಲ ಎಲ್ಲಾದರೂ ಸೇರಿಸಿಕೊಳ್ಳುವ ಸಮಸ್ಯೆಗಳು ಒಂದು ಕಡೆ, ಹೊರಗಿನವರನ್ನು ಹೊರಗೇ ಬಿಡುವವು ಇನ್ನೊಂದು ಕಡೆ. ಈ ಭೇದ ಮುಂದೆ ಮತ್ತೆ ಬೇಕಾಗುತ್ತದೆ.

ಅದಲುಬದಲು ಪರೀಕ್ಷೆಯ ಉಪಯೋಗವೂ ಇಲ್ಲಿಯೇ. 70 ಮತ್ತು 71ನೇ ಸಮಸ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 70 ಕವಲುಗಳ ಬಗ್ಗೆ: ಬಲಗಡೆ ಕವಲಿಗೆ ಮತ್ತೆ ಕವಲೊಡೆದಿದೆ, ಎಡಗಡೆ ಒಡೆದಿಲ್ಲ. 71 ಆಕೃತಿಯೊಳಗಿನ ಆಕೃತಿಯ ಬಗ್ಗೆ: ಎಡಗಡೆ ಒಳಗಿನದರೊಳಗೆ ಮತ್ತೊಂದಿದೆ, ಬಲಗಡೆ ಇಲ್ಲ. ಎರಡರಲ್ಲೂ ವಿಚಾರ ಒಂದೇ, ಎರಡನೆಯ ಹಂತ ಇದೆಯೇ ಇಲ್ಲವೇ. ಆದರೆ ‘ಇದೆ’ ಎಂಬುದು ಒಂದರಲ್ಲಿ ಬಲಕ್ಕೆ, ಇನ್ನೊಂದರಲ್ಲಿ ಎಡಕ್ಕೆ. ಮೇಲುಸಮಸ್ಯೆಯೊಂದು ಇವೆರಡನ್ನು ಬೇರೆ ಬೇರೆ ಪಕ್ಕದಲ್ಲಿಟ್ಟರೆ ಅದರ ನಿಯಮ ಕವಲಿಗೂ ಒಳಾಕೃತಿಗೂ ಇರುವ ವ್ಯತ್ಯಾಸವೋ, ದಿಕ್ಕಿನ ವ್ಯತ್ಯಾಸವೋ ಎಂದು ಅದಲುಬದಲು ಮಾಡಿದರೆ ಒಡನೆ ತಿಳಿಯುತ್ತದೆ. ಒಂದೇ ಪಕ್ಕದಲ್ಲಿಟ್ಟರೆ ಅದು ದಿಕ್ಕಿಗೆ ಕುರುಡು ಎಂದಾಯಿತು.

ಇಷ್ಟು ಸೊಗಸಾದ ಬಗೆಯ ಮೇಲೆ ನನ್ನ ಆಕ್ಷೇಪ ಏನು? ಮರುಚಿತ್ರಣದಲ್ಲಿ ಪೂರಾ ನಿಲ್ಲುತ್ತದೆ ಎಂದರೆ ಚಿತ್ರಗಳು ಬೇಕಾಗಿಯೇ ಇಲ್ಲ ಎಂದರ್ಥ. ಪ್ರತಿ ಚೌಕದ ಚಿತ್ರಗಳನ್ನು ಅಳಿಸಿ ಅಲ್ಲಿ ‘ತ್ರಿಕೋನ, ಚತುರ್ಭುಜ’ ಎಂದು ಮಾತಿನಲ್ಲಿ ಬರೆದಿಟ್ಟರೂ ಮೇಲುಸಮಸ್ಯೆ ಒಂದು ಚೂರೂ ಕೆಡುವುದಿಲ್ಲ, ಕಣ್ಣು ಕಾಣದವರಿಗೂ ಓದಿ ಹೇಳಿ ಬಿಡಿಸಲು ಕೊಡಬಹುದು. ಕಣ್ಣಿನ ಕೆಲಸ ಒಳಸಮಸ್ಯೆಗಳಲ್ಲೇ ಮುಗಿದಿರುತ್ತದೆ. ಆಮೇಲೆ ಉಳಿಯುವುದು ಹನ್ನೆರಡು ವಾಕ್ಯಗಳನ್ನು ಎರಡು ಗುಂಪು ಮಾಡುವ ಮಾತಿನ ಒಗಟು. ಅದು ಕೀಳೆಂದು ನಾನು ಹೇಳುತ್ತಿಲ್ಲ, ಮಾತಿನ ಒಗಟುಗಳಿಗೆ ಅವುಗಳದೇ ಗೌರವವಿದೆ. ಆದರೆ ದೃಶ್ಯಗ್ರಹಣವನ್ನು ಅಳೆಯುವ ಸಾಧನವೆಂದು ಅದನ್ನು ಬಳಸುವವರು ಅಳೆಯುತ್ತಿರುವುದು ಬೇರೆ ಏನನ್ನೋ.

ಹೊಂದಿಕೆಯ ಬಗೆಗಿನವು

ಎರಡು ಪರೀಕ್ಷೆಗಳಲ್ಲೂ ಬೀಳುವ ಬಗೆಯಲ್ಲಿ ಪ್ರಶ್ನೆ ಹೀಗಿರುತ್ತದೆ: ಈ ಚಿತ್ರಗಳು ಈ ಉತ್ತರವನ್ನು ಹೇಗೆ ಹೊತ್ತಿವೆ? ಎಡಗಡೆಯ ಒಳಸಮಸ್ಯೆಗಳಲ್ಲಿ ಹನ್ನೆರಡೂ ಚಿತ್ರಗಳು ಸರಿಯಾಗಿ ಕೂತಿವೆ, ಬಲಗಡೆಯ ಪ್ರತಿಯೊಂದರಲ್ಲೂ ಒಂದು ಚಿತ್ರ ತಪ್ಪು ಪಕ್ಕದಲ್ಲಿದೆ ಎಂಬುದು ಇದರ ನೇರ ಉದಾಹರಣೆ. ಬಲಗಡೆಯವುಗಳಿಗೆ ಕಟ್ಟುನಿಟ್ಟಾಗಿ ನೋಡಿದರೆ ಉತ್ತರವೇ ಇಲ್ಲ. ಐದು ತ್ರಿಕೋನ ಮತ್ತು ಒಂದು ಚತುರ್ಭುಜ ಒಂದು ಕಡೆ, ಆರು ಚತುರ್ಭುಜ ಇನ್ನೊಂದು ಕಡೆ ಇದ್ದಾಗ ತ್ರಿಕೋನ-ಚತುರ್ಭುಜದ ನಿಯಮ ಸುಳ್ಳು. ಆದರೂ ನೋಡಿದವರೆಲ್ಲ ನಿಯಮವನ್ನು ಕಂಡುಹಿಡಿದು, ಆಮೇಲೆ ತಪ್ಪನ್ನು ಎತ್ತಿ ತೋರಿಸುತ್ತಾರೆ. ತಪ್ಪು ಪಕ್ಕದಲ್ಲಿರುವ ಆ ಚತುರ್ಭುಜವನ್ನೂ ಒಳಗೊಳ್ಳುವ ಯಾವುದೋ ಸುತ್ತುಬಳಸಿನ ನಿಯಮ ಇದ್ದೇ ಇರುತ್ತದೆ. ನೆಲ್ಸನ್ ಗುಡ್‌ಮನ್ 1955ರಲ್ಲಿ ತೋರಿಸಿದ್ದು, ಇರುವ ಉದಾಹರಣೆಗಳಿಗೆಲ್ಲ ಹೊಂದುವ ವಿಚಿತ್ರ ನಿಯಮಗಳಿಗೆ ಕೊನೆಯಿಲ್ಲ ಎಂಬುದನ್ನೇ. ಸಟೋಸಿ ವಟನಾಬೆ 1969ರಲ್ಲಿ ಇನ್ನೂ ಮುಂದೆ ಹೋದರು: ಎಲ್ಲ ಗುಣಗಳಿಗೂ ಸಮಾನ ಬೆಲೆ ಕೊಟ್ಟು ಎಣಿಸಿದರೆ ಯಾವ ಎರಡು ವಸ್ತುಗಳಿಗಿರುವ ಹೋಲಿಕೆಯೂ ಬೇರೆ ಯಾವ ಎರಡಕ್ಕಿರುವ ಹೋಲಿಕೆಯಷ್ಟೇ ಆಗುತ್ತದೆ. ಎಂದರೆ ನಾವು ಒಂದು ನಿಯಮವನ್ನು ‘ಸಹಜ’ವೆಂದು ಆರಿಸುವುದು ಚಿತ್ರಗಳಿಂದ ಮಾತ್ರ ಬರುವ ಅಧಿಕಾರದಿಂದಲ್ಲ.

ಆ ಅಧಿಕಾರ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಡೆಪೆವೆಗ್, ರೋತ್‌ಕಾಫ್ ಮತ್ತು ಯೇಕೆಲ್ 2018ರ ತಮ್ಮ ಕೆಲಸದಲ್ಲಿ ಕೊಟ್ಟ ಉತ್ತರ ನನಗೆ ಒಪ್ಪಿಗೆ. ಬೊಂಗಾರ್ಡ್ ಸಮಸ್ಯೆ ಪ್ರಕೃತಿ ಚೆಲ್ಲಿದ ಮಾಹಿತಿಯಲ್ಲ. ಯಾರೋ ಒಬ್ಬರು ನಮಗೆ ಏನನ್ನೋ ತಿಳಿಸಲೆಂದು ಆರಿಸಿಟ್ಟ ಹನ್ನೆರಡು ಚಿತ್ರಗಳು. ಆ ಆರಿಸಿದವರ ಮನಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡೇ ನಾವು ಓದುತ್ತೇವೆ. ಒಂದು ಚಿತ್ರವನ್ನು ‘ತಪ್ಪು ಪಕ್ಕದಲ್ಲಿದೆ’ ಎನ್ನಬೇಕಾದರೆ ಇಟ್ಟವರೊಬ್ಬರು ಇರಲೇಬೇಕು. ಹೊಂದಿಕೆಯ ಬಗೆಯ ಮೇಲುಸಮಸ್ಯೆಗಳಲ್ಲಿ ಈ ಅಡಗಿದ ವ್ಯಕ್ತಿಯೇ ವಿಷಯವಾಗುತ್ತಾನೆ.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಉಪವರ್ಗಗಳಿವೆ. ಎಡಕ್ಕೆ ದೊಡ್ಡ ತ್ರಿಕೋನಗಳು, ಬಲಕ್ಕೆ ಚಿಕ್ಕ ವೃತ್ತಗಳು ಇರುವ ಒಳಸಮಸ್ಯೆಗೆ ಎರಡು ಉತ್ತರ, ಗಾತ್ರ ಮತ್ತು ಆಕಾರ; ಅಂಥವನ್ನು ಒಂದೇ ಉತ್ತರವಿರುವವುಗಳಿಂದ ಬೇರ್ಪಡಿಸುವುದು ಒಂದು. ಎರಡು ತುದಿಯ ಚಿತ್ರಗಳನ್ನು ಮಾತ್ರ ತೋರಿಸುವ ಒಳಸಮಸ್ಯೆಗಳನ್ನು ಅಂಚಿನ ಚಿತ್ರಗಳನ್ನೂ ತೋರಿಸುವವುಗಳಿಂದ ಬೇರ್ಪಡಿಸುವುದು ಇನ್ನೊಂದು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನು ಒಂಟಿ ಸಾಕ್ಷಿಯ ಸಮಸ್ಯೆ ಎನ್ನಬಹುದು. ಎಡಗಡೆ ಐದು ದೊಡ್ಡ ತ್ರಿಕೋನ, ಒಂದು ದೊಡ್ಡ ವೃತ್ತ. ಬಲಗಡೆ ಆರು ಚಿಕ್ಕ ವೃತ್ತ. ಉತ್ತರ ಗಾತ್ರ. ಆದರೆ ಎಡಗಡೆಯ ಆ ಒಂದು ವೃತ್ತವನ್ನು ತೆಗೆದರೆ ಆಕಾರವೂ ಉತ್ತರವಾಗಿಬಿಡುತ್ತದೆ. ಹನ್ನೊಂದು ಚಿತ್ರಗಳು ಅನುಮಾನಕ್ಕೆ ಎಡೆ ಕೊಡುತ್ತವೆ, ಒಂದು ಮಾತ್ರ ಅದನ್ನು ನಿವಾರಿಸುತ್ತದೆ. ಎಡಗಡೆಯ ಒಳಸಮಸ್ಯೆಗಳಲ್ಲಿ ಇಂಥ ಒಂಟಿ ಸಾಕ್ಷಿಯಿದೆ, ಬಲಗಡೆಯವುಗಳಲ್ಲಿ ಯಾವ ಚೌಕವನ್ನು ತೆಗೆದರೂ ಉತ್ತರ ಅಲುಗುವುದಿಲ್ಲ ಎಂಬ ಮೇಲುಸಮಸ್ಯೆಯನ್ನು ವಾಕ್ಯಗಳಾಗಿ ಬರೆದಿಡಲು ಸಾಧ್ಯವೇ ಇಲ್ಲ. ಎರಡೂ ಕಡೆ ಉತ್ತರದ ವಾಕ್ಯ ‘ದೊಡ್ಡದು, ಚಿಕ್ಕದು’ ಎಂದೇ ಇರಬಹುದು. ವ್ಯತ್ಯಾಸ ಇರುವುದು ಚಿತ್ರಗಳಲ್ಲಿ, ಆದರೆ ಉತ್ತರ ತಿಳಿದ ಮೇಲಷ್ಟೇ ಕಾಣುವಂತೆ.

ಬ್ರೆಜಿಲ್‌ನ ಅಲೆಕ್ಸಾಂಡ್ರೆ ಲಿನ್ಯಾರೆಸ್ 2000ದಲ್ಲಿ ಬರೆದ ಲೇಖನದಲ್ಲಿ ಬೊಂಗಾರ್ಡ್ ಚೌಕಕ್ಕೆ ಒಂದೇ ಸರಿಯಾದ ವರ್ಣನೆ ಎಂಬುದಿಲ್ಲ, ಅದೇ ಗೆರೆಗಳನ್ನು ಸಂದರ್ಭ ಕೇಳಿದಂತೆ ಬೇರೆ ಬೇರೆಯಾಗಿ ಕಾಣಬೇಕಾಗುತ್ತದೆ ಎಂದು ವಾದಿಸಿದರು. ಒಂಟಿ ಸಾಕ್ಷಿಯ ಮೇಲುಸಮಸ್ಯೆ ಅದನ್ನೇ ಒಂದು ಹಂತ ಮೇಲೆ ಕೇಳುತ್ತದೆ. ನಿಜವಾದ ದೃಶ್ಯ-ಮೇಲುಸಮಸ್ಯೆ ಎಂಬ ಹೆಸರಿಗೆ ಈ ಬಗೆ ಮಾತ್ರ ಅರ್ಹ ಎಂದು ನನ್ನ ತೀರ್ಮಾನ.

ಬಿಡಿಸುವವರ ಬಗೆಗಿನವು

ನಾಲ್ಕನೆಯ ಪರೀಕ್ಷೆಗೆ ಕನ್ನಡ ಓದುಗರ ಕೈಯಲ್ಲೇ ಒಳ್ಳೆಯ ಸಾಮಗ್ರಿಯಿದೆ. ಎಡಗಡೆ ಡ, ದ, ಪ, ಬ, ಚ. ಬಲಗಡೆ ಢ, ಧ, ಫ, ಭ, ಛ. ಆರನೆಯ ಚೌಕದಲ್ಲಿ ದ ಮತ್ತು ಧ ಮತ್ತೊಮ್ಮೆ, ಬೇರೆ ಕೈಬರಹದಲ್ಲಿ. ಕನ್ನಡದ ಗಂಧವಿಲ್ಲದವರೂ ಇದನ್ನು ಬಿಡಿಸಬಲ್ಲರು, ಬಲಗಡೆಯ ಎಲ್ಲವುಗಳ ಕೆಳಗೆ ಒಂದು ಸೀಳುಗೆರೆ ಇದೆ. ಮೇಷ್ಟ್ರುಗಳು ಹೊಟ್ಟೆ ಸೀಳಬೇಕು ಎಂದು ತಿದ್ದಿಸುವ ಗೆರೆ ಅದು. ಈಗ ಆರನೆಯ ಜೋಡಿಯನ್ನು ತೆಗೆದು ಆ ಜಾಗದಲ್ಲಿ ಕ ಮತ್ತು ಖ ಇಡಿ. ಖ ಅಕ್ಷರಕ್ಕೆ ಸೀಳಿಲ್ಲ, ಹೊರಗಿನವರ ನಿಯಮ ಮುರಿದುಬಿತ್ತು. ಅಲ್ಪಪ್ರಾಣ, ಮಹಾಪ್ರಾಣ ಎಂಬ ಉತ್ತರ ಬಲ್ಲವರಿಗೆ ಮಾತ್ರ ಸಮಸ್ಯೆ ಉಳಿಯಿತು. ಬದಲಾಗಿದ್ದು ಒಂದೇ ಜೋಡಿ, ಆದರೆ ಕಣ್ಣಿಗೆ ದಕ್ಕುವ ಸಮಸ್ಯೆ ಕಲಿತವರಿಗೆ ದಕ್ಕುವ ಸಮಸ್ಯೆಯಾಯಿತು. ಬೊಂಗಾರ್ಡರ 100ನೆಯದು ಇವೆರಡರ ನಡುವೆ ನಿಲ್ಲುತ್ತದೆ: ರಷ್ಯನ್ ಓದಲು ಬರದವರೂ ಆಕಾರಗಳನ್ನು ಹೋಲಿಸುತ್ತ ಹೋಗಿ ಬಿಡಿಸಬಹುದು, ಓದಬಲ್ಲವರಿಗೆ ಅದು ಸಮಸ್ಯೆಯೇ ಅಲ್ಲ.

‘ಎಡಕ್ಕೆ ಯಾರೂ ಬಿಡಿಸಬಹುದಾದವು, ಬಲಕ್ಕೆ ರೂಢಿ ತಿಳಿದವರಷ್ಟೇ ಬಿಡಿಸಬಹುದಾದವು’ ಎಂಬ ಮೇಲುಸಮಸ್ಯೆ ಈ ಬಗೆಗೆ ಸೇರಿದ್ದು. ಸುಲಭ-ಕಠಿಣ ಎಂದು ವಿಂಗಡಿಸುವವೂ ಇಲ್ಲಿಗೇ ಬರುತ್ತವೆ. ಇವುಗಳ ವಿಚಿತ್ರವೆಂದರೆ ಇವನ್ನು ಬಿಡಿಸಲು ನೀವು ಬೇರೆಯವರಾಗಿ ನೋಡಬೇಕು. ಅದು ಬರೀ ಗುರುತಿಸುವಿಕೆಯಲ್ಲ, ಊಹೆ. ಸಂಗ್ರಹಗಳಲ್ಲಿ ಇವನ್ನು ಪ್ರತ್ಯೇಕವಾಗಿಡುವುದು ಲೇಸು.

ತನ್ನನ್ನೇ ಒಳಗೊಳ್ಳುವವು

ಯಾವುದೇ ಬೊಂಗಾರ್ಡ್ ಸಮಸ್ಯೆಯ ಇಡೀ ಹಾಳೆಯೂ ಒಂದು ಚಿತ್ರವೇ. ಅದನ್ನು ಅದರದೇ ನಿಯಮಕ್ಕೆ ಒಡ್ಡಿದರೆ ಎಲ್ಲಿಗೆ ಹೋಗುತ್ತದೆ? 1ನೇ ಸಮಸ್ಯೆಯ ಹಾಳೆ ಖಾಲಿಯಲ್ಲ, ಆದ್ದರಿಂದ ತನ್ನದೇ ಬಲಗಡೆಗೆ. 6ನೆಯದರ ಹಾಳೆ ತ್ರಿಕೋನವೂ ಅಲ್ಲ, ಚತುರ್ಭುಜದ ಒಂಟಿ ಆಕೃತಿಯೂ ಅಲ್ಲ, ಎಲ್ಲಿಗೂ ಇಲ್ಲ. ಹೆಚ್ಚಿನವುಗಳ ಗತಿ ಇದೇ. ಈಗ ಇದನ್ನೇ ನಿಯಮ ಮಾಡಿಕೊಂಡ ಮೇಲುಸಮಸ್ಯೆ: ಎಡಕ್ಕೆ ತಮ್ಮನ್ನು ತಾವು ಎಡಕ್ಕೆ ಹಾಕಿಕೊಳ್ಳುವವು, ಬಲಕ್ಕೆ ತಮ್ಮನ್ನು ಬಲಕ್ಕೆ ಹಾಕಿಕೊಳ್ಳುವವು. ಈ ಮೇಲುಸಮಸ್ಯೆ ತಾನೇ ಎಲ್ಲಿಗೆ? ಎಡಕ್ಕೆ ಎಂದರೂ ವಿರೋಧವಿಲ್ಲ, ಬಲಕ್ಕೆ ಎಂದರೂ ವಿರೋಧವಿಲ್ಲ, ತೀರ್ಮಾನಿಸಲು ಆಧಾರವೂ ಇಲ್ಲ.

ನಿಯಮವನ್ನು ತಿರುಗಿಸೋಣ: ಎಡಕ್ಕೆ ತಮ್ಮನ್ನು ಬಲಕ್ಕೆ ಹಾಕಿಕೊಳ್ಳುವವು, ಬಲಕ್ಕೆ ತಮ್ಮನ್ನು ಎಡಕ್ಕೆ ಹಾಕಿಕೊಳ್ಳುವವು. ಇದು ಎಡಕ್ಕೆ ಹೋದರೆ ತನ್ನನ್ನು ಎಡಕ್ಕೆ ಹಾಕಿಕೊಂಡಂತಾಯಿತು, ಹಾಗಾಗಿ ಬಲಕ್ಕೆ ಹೋಗಬೇಕು. ಬಲಕ್ಕೆ ಹೋದರೆ ಅದೇ ಕಾರಣಕ್ಕೆ ಎಡಕ್ಕೆ. 1908ರಲ್ಲಿ ಗ್ರೆಲಿಂಗ್ ಮತ್ತು ನೆಲ್ಸನ್ ಮಂಡಿಸಿದ ವಿರೋಧಾಭಾಸವನ್ನು ಬಲ್ಲವರು ಇಲ್ಲಿ ಅದನ್ನು ಗುರುತಿಸಿ ನಗಬಹುದು, ಆದರೆ ಇಲ್ಲೊಂದು ಬಿಡುಗಡೆಯಿದೆ. ಬೊಂಗಾರ್ಡ್ ಸಮಸ್ಯೆ ಲೋಕದ ಎಲ್ಲವನ್ನೂ ಹಂಚಬೇಕೆಂದಿಲ್ಲ. 6ರಲ್ಲಿ ಮೀನಿಗೆ ಜಾಗವಿರಲಿಲ್ಲ. ಹಾಗೆಯೇ ಈ ಮೇಲುಸಮಸ್ಯೆ ಎರಡೂ ಪಕ್ಕಕ್ಕೆ ಸೇರದೆ ಹೊರಗೆ ನಿಂತರೆ ವಿರೋಧ ತೀರಿತು. ಬಿಡುಗಡೆ ಎಲ್ಲಿಯವರೆಗೆ? ಒಂದು ಪಕ್ಕವನ್ನು ‘ಅಲ್ಲ’ದಿಂದ ಕಟ್ಟುವವರೆಗೆ ಮಾತ್ರ. ಎಡಕ್ಕೆ ತಮ್ಮನ್ನು ಎಡಕ್ಕೆ ಹಾಕಿಕೊಳ್ಳದವೆಲ್ಲ, ಬಲಕ್ಕೆ ಹಾಗೆ ಹಾಕಿಕೊಳ್ಳುವವು ಎಂದರೆ ಹೊರಗೆ ನಿಂತದ್ದೂ ತನ್ನನ್ನು ಎಡಕ್ಕೆ ಹಾಕಿಕೊಂಡಿಲ್ಲವಾದ್ದರಿಂದ ಎಡಕ್ಕೆ ಬರಲೇಬೇಕು, ಬಂದೊಡನೆ ವಿರೋಧ ಮರಳುತ್ತದೆ. ಮೀನಿನ ಪರೀಕ್ಷೆಯಿಂದ ಕಂಡುಕೊಂಡ ಭೇದವೇ ಇಲ್ಲಿ ವಿರೋಧಾಭಾಸ ಏಳುವುದನ್ನೂ ಏಳದಿರುವುದನ್ನೂ ನಿರ್ಣಯಿಸುತ್ತದೆ. ತನ್ನನ್ನೇ ಒಳಗೊಳ್ಳುವ ಮೇಲುಸಮಸ್ಯೆಗಳನ್ನು ಬೇರೊಂದು ವರ್ಗವೆಂದು ಎಣಿಸದೆ ಉತ್ತರದ ತಾರ್ಕಿಕ ರೂಪದ ಅಡಿಯಲ್ಲೇ ಇಡಬೇಕು ಎಂಬುದಕ್ಕೆ ಇದೇ ಕಾರಣ.

ಬಳಕೆಯ ಮಾತು

ಮೇಲುಸಮಸ್ಯೆಯಲ್ಲಿ ಒಳಸಮಸ್ಯೆಗಳನ್ನು ಪೂರ್ತಿ ಬರೆದರೆ ಒಂದು ಹಾಳೆಯಲ್ಲಿ 144 ಪುಟ್ಟ ಚೌಕಗಳಾಗುತ್ತವೆ. ಇನ್ನೊಂದು ಹಂತ ಏರಿದರೆ 1728, ಭೂತಗನ್ನಡಿ ಬೇಕು. ಆದ್ದರಿಂದ ಕೆಲವರು ಒಳಸಮಸ್ಯೆಯನ್ನು ಆರೇ ಚೌಕಗಳಿಗೆ ಇಳಿಸುತ್ತಾರೆ, ಇನ್ನು ಕೆಲವರು ಚಿತ್ರವನ್ನೇ ಬಿಟ್ಟು ಸಂಗ್ರಹದ ಸಂಖ್ಯೆಯನ್ನು ಕೊಡುತ್ತಾರೆ. ಸಂಖ್ಯೆ ಕೊಡುವುದು ಉತ್ತರದ ಬಗೆಗೆ ಸಲ್ಲಬಹುದು, ಹೊಂದಿಕೆಯ ಬಗೆಗೆ ಸಾಲದು. ಅಲ್ಲದೆ ಸಂಖ್ಯೆಗಳು ತಾವೇ ಒಂದು ಚಿತ್ರವಾಗಿ ಕಾಡುತ್ತವೆ: ತ್ರಿಕೋನ-ಚತುರ್ಭುಜದ ಉದಾಹರಣೆಯೆಂದು ಮೇಲೆ ಕೊಟ್ಟ 6, 10, 98 ಮೂರೂ ಸಮಸಂಖ್ಯೆಗಳು ಎಂದು ಯಾರಾದರೂ ಗಮನಿಸಿದರೆ ಅವರನ್ನು ತಡೆಯುವುದು ಹೇಗೆ?

ಯಂತ್ರಗಳ ಪರೀಕ್ಷೆಯಲ್ಲಿ ಈ ವಿಂಗಡಣೆಗೆ ನೇರ ಉಪಯೋಗವಿದೆ. 2020ರಲ್ಲಿ ‘ಬೊಂಗಾರ್ಡ್-ಲೋಗೋ’ ಎಂಬ ಹೆಸರಿನಲ್ಲಿ ಪ್ರೋಗ್ರಾಮಿನಿಂದಲೇ ತಯಾರಿಸಿದ 12,000 ಸಮಸ್ಯೆಗಳು ಬಂದವು. 2024ರಲ್ಲಿ ಡಾರ್ಮ್‌ಸ್ಟಾಟ್‌ನ ಸಂಶೋಧಕರು ಚಿತ್ರ-ಭಾಷೆ ಎರಡನ್ನೂ ಬಲ್ಲ ಇತ್ತೀಚಿನ ಮಾದರಿಗಳಿಗೆ ಬೊಂಗಾರ್ಡರ ಮೂಲ ಸಮಸ್ಯೆಗಳನ್ನು ಕೊಟ್ಟು ನೋಡಿದಾಗ, ಸರಳ ಸುರುಳಿಗಳಂಥ ಪ್ರಾಥಮಿಕ ವಿಷಯಗಳಲ್ಲೇ ಅವು ತಡವರಿಸಿದವು. ಸುರುಳಿ ಯಾವ ಕಡೆಗೆ ಸುತ್ತಿದೆ ಎಂದು ಹೇಳಲಾಗದ ಯಂತ್ರಕ್ಕೆ ಸುರುಳಿಯ ಒಳಸಮಸ್ಯೆಯಿರುವ ಮೇಲುಸಮಸ್ಯೆ ಕೊಟ್ಟು, ಅದು ಸೋತಾಗ ‘ಅಮೂರ್ತ ಚಿಂತನೆ ಇಲ್ಲ’ ಎಂದು ಘೋಷಿಸಿದರೆ ಸೋಲು ಯಾವ ಹಂತದ್ದೆಂದು ತಿಳಿಯುವುದಿಲ್ಲ. ಗೆದ್ದರೂ ಅದೇ ಕತೆ: ಉತ್ತರದ ಬಗೆಯ ಮೇಲುಸಮಸ್ಯೆಯಲ್ಲಿ ಗೆದ್ದ ಯಂತ್ರ ಮಾತಿನ ಬಲದಿಂದ ಗೆದ್ದಿರಬಹುದು. ಒಳಉತ್ತರಗಳನ್ನು ವಾಕ್ಯಗಳಾಗಿ ಕೊಟ್ಟು ಒಮ್ಮೆ, ಚಿತ್ರಗಳಾಗಿ ಕೊಟ್ಟು ಒಮ್ಮೆ ಪರೀಕ್ಷಿಸಿ ಎರಡರ ಅಂತರ ನೋಡಿದರೆ ಮಾತ್ರ ಕಣ್ಣಿನ ಪಾಲು ಎಷ್ಟೆಂದು ಹೇಳಬಹುದು. ಹೊಂದಿಕೆಯ ಬಗೆಯಲ್ಲಿ ವಾಕ್ಯಗಳ ಸುತ್ತು ಬೇಕಾಗಿಲ್ಲ, ಅಲ್ಲಿ ವಾಕ್ಯಕ್ಕೆ ಇಳಿಸುವ ದಾರಿಯೇ ಇಲ್ಲ.

ಮೇಲುಸಮಸ್ಯೆಗಳನ್ನು ಸಂಗ್ರಹಿಸುವವರಲ್ಲಿ ಹಾಗೂ ರಚಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಪ್ರತಿಯೊಂದರ ಜೊತೆ ಅದರ ಉತ್ತರವನ್ನು ಬರೆಯುವುದರ ಜೊತೆಗೆ, ಮರುಚಿತ್ರಣ ಮತ್ತು ನಡುಗೆರೆ ಪರೀಕ್ಷೆಗಳಲ್ಲಿ ಅದು ನಿಂತಿತೋ ಬಿತ್ತೋ ಎಂಬುದನ್ನೂ ದಾಖಲಿಸಿ. ಎರಡರಲ್ಲೂ ನಿಂತದ್ದನ್ನು, ಎಷ್ಟೇ ಚೆಂದವಾಗಿ ಕಾಣಲಿ, ಒಂದು ಪ್ರತಿಉದಾಹರಣೆಯ ಚೌಕ ಸೇರಿಸುವವರೆಗೆ ಪಟ್ಟಿಗೆ ಸೇರಿಸಬೇಡಿ.